ಬಂಗಾರದ ಆಮೆ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮಗಾಗಲಿ, ಊರು ಬಿಟ್ಟು ಬಂದು ಇಲ್ಲಿಯವರೇ ಆಗಿಹೋದ ನಮ್ಮ ಹಿರಿಯರಿಗಾಗಲಿ ಕಪ್ಪು-ಹಳದಿ ಫಿಯೆಟ್ ಟ್ಯಾಕ್ಸಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಆ ಬಂಡಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಅರ್ಧ ನಗರವನ್ನೇ ಹೊತ್ತು ತಿರುಗಿ, 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿ ಹೊಂದಿತು. ಮಳೆಗಾಲದಲ್ಲಿ ನಿಂತಲ್ಲೇ ನಿಂತುಬಿಡುತ್ತಿದ್ದ, ಗೇರು ಹಾಕಿದರೆ ಗೊಣಗುತ್ತಿದ್ದ ಆ ಮುದಿ ಟ್ಯಾಕ್ಸಿಯ ಹೊಟ್ಟೆಯೊಳಗೆ ಇದ್ದದ್ದು ಇಟಲಿಯ ಫಿಯೆಟ್ 1100 ವಂಶದ ಇಂಜಿನ್ನು.

ಅದೇ ವಂಶದ ಪುಟ್ಟ ಇಂಜಿನ್ನೊಂದನ್ನು ಕೂರಿಸಿದ, ಮೇಲೆ ಮಾಡೂ ಇಲ್ಲದ ಒಂದು ಕಾರನ್ನು 1947ರ ಜೂನ್ ತಿಂಗಳ ಒಂದು ರಾತ್ರಿ ಸುರಿಯುವ ಮಳೆಯಲ್ಲಿ ಒಬ್ಬ ಮನುಷ್ಯ ಇಟಲಿಯ ಉದ್ದಗಲಕ್ಕೆ ಓಡಿಸಿದ. ವಯಸ್ಸು ಐವತ್ತನಾಲ್ಕು. ಸಣಕಲು ಮೈ. ಕೆಮ್ಮಿದರೆ ರಕ್ತ. ಹೆತ್ತ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ ಬಂದವನು. ತನಗಿಂತ ಎರಡೂವರೆ ಪಟ್ಟು ದೊಡ್ಡ ಇಂಜಿನ್ನಿನ ಕಾರುಗಳನ್ನು ಹಿಂದೆ ಹಾಕಿ ಅವನು ಮುಂದೆ ಹೋಗುತ್ತಿದ್ದ ಸುದ್ದಿ ಕೇಳಿ, ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಆ ದೇಶದ ಜನ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಕಾದು ನಿಂತರು. ಅವನ ಹೆಸರು ತಾತ್ಸಿಯೊ ನುವೊಲಾರಿ. ಇದು ಅವನ ಕಥೆ.

* * *

ಉತ್ತರ ಇಟಲಿಯಲ್ಲಿ ಪೋ ನದಿಯ ಬಯಲು ಇದೆ. ನಮ್ಮ ಬಯಲುಸೀಮೆಯ ಹಾಗೆ ಒಣಗಿದ್ದಲ್ಲ, ನೀರಾವರಿಯ ಫಲವತ್ತಾದ ನೆಲ. ಅಲ್ಲಿಯ ಮಾಂತುವಾ ಪಟ್ಟಣದ ಹತ್ತಿರ ಕಾಸ್ಟೆಲ್ ದಾರಿಯೊ ಎಂಬ ಊರಿನಲ್ಲಿ 1892ರ ನವೆಂಬರ್ 16ರಂದು ನುವೊಲಾರಿ ಹುಟ್ಟಿದ. ಲ್ಯಾಟಿನ್ ಮಹಾಕವಿ ವರ್ಜಿಲನೂ ಇದೇ ಮಾಂತುವಾ ಕಡೆಯವನು. ಸಾಹಿತ್ಯದ ಹುಚ್ಚಿರುವ ನಮ್ಮ ಬಳಗಕ್ಕೆ ಈ ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ತಂದೆ ಆರ್ತುರೊ ಅನುಕೂಲಸ್ಥ ರೈತ, ಜೊತೆಗೆ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವನು. ಚಿಕ್ಕಪ್ಪ ಜುಸೆಪ್ಪೆಯಂತೂ ಇಟಲಿಯ ಸೈಕಲ್ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಗೆದ್ದಿದ್ದ. ಹೀಗಾಗಿ ಗಾಲಿಯ ಹುಚ್ಚು ಹುಡುಗನ ರಕ್ತದಲ್ಲೇ ಇತ್ತು ಅನ್ನಿ.

ಮೊದಲನೆಯ ಮಹಾಯುದ್ಧ ಬಂತು. ತಾತ್ಸಿಯೊ ಸೈನ್ಯದಲ್ಲಿ ವಾಹನ ಓಡಿಸುವ ಕೆಲಸಕ್ಕೆ ಸೇರಿದ. ಗಾಯಾಳುಗಳಿದ್ದ ಗಾಡಿಯನ್ನು ರಸ್ತೆ ಬಿಟ್ಟು ಹೊರಗೆ ಹಾಕಿದಾಗ ಮೇಲಧಿಕಾರಿಯೊಬ್ಬ ಇವನನ್ನು ಕರೆದು, ಗಾಡಿ ಓಡಿಸೋದು ನಿನ್ನ ಹಣೆಯಲ್ಲಿ ಬರೆದಿಲ್ಲ, ಬಿಟ್ಟುಬಿಡು ಅಂತ ಬುದ್ಧಿ ಹೇಳಿದನಂತೆ. ಎಷ್ಟು ನಿಜವೋ ದೇವರೇ ಬಲ್ಲ. ಪರೀಕ್ಷೆಯಲ್ಲಿ ನಪಾಸಾದ ನಮ್ಮಂಥವರಿಗೆ ಸಮಾಧಾನ ಕೊಡುವ ಕಥೆಯಂತೂ ಹೌದು.

1917ರಲ್ಲಿ ಕರೋಲಿನಾ ಪೆರೀನಾ ಎಂಬ ಹುಡುಗಿಯೊಡನೆ ಮದುವೆಯಾಯಿತು. ಮರುವರ್ಷ ಹಿರಿಯ ಮಗ ಜಾರ್ಜೊ ಹುಟ್ಟಿದ. ಹೆಂಡತಿ, ಮಗು, ಜಮೀನು. ಊರಿನವರ ಲೆಕ್ಕದಲ್ಲಿ ಇವನು ನೆಲೆ ನಿಂತಂತೆಯೇ ಆಯಿತು. ಆದರೆ 1920ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಬೇರೆಯವರು ಇಂಥ ಆಟಗಳನ್ನು ಬಿಡುವ ಹೊತ್ತಿಗೆ, ಇವನು ಕ್ರೆಮೋನಾದಲ್ಲಿ ಮೋಟಾರ್ ಸೈಕಲ್ ಏರಿ ಪಂದ್ಯಕ್ಕೆ ಇಳಿದ. ಮೊದಲ ಪಂದ್ಯ. ಅಲ್ಲಿಂದ ಮೂವತ್ತು ವರ್ಷ ಇಳಿಯಲಿಲ್ಲ.

* * *

1925 ಅವನ ಬದುಕಿನಲ್ಲಿ ಮರೆಯಲಾಗದ ವರ್ಷ. ಬಿಯಾಂಕಿ ಕಂಪೆನಿಯ 350 ಸಿ.ಸಿ. ಮೋಟಾರ್ ಸೈಕಲ್ಲಿನಲ್ಲಿ ಆತ ಯೂರೋಪಿನ ಚಾಂಪಿಯನ್ ಆದ. ಅದೇ ವರ್ಷ ಜುಲೈನಲ್ಲಿ ಆಲ್ಫಾ ರೋಮಿಯೊ ತಂಡದ ಹೆಸರಾಂತ ಚಾಲಕ ಆಂತೋನಿಯೊ ಅಸ್ಕಾರಿ ಫ್ರಾನ್ಸಿನ ಪಂದ್ಯದಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಒಬ್ಬ ಬೇಕಾಗಿತ್ತು. ಮೋನ್ಜಾದಲ್ಲಿ ನುವೊಲಾರಿಗೆ ಕಾರು ಕೊಟ್ಟು ನೋಡಿದರು. ಚೆನ್ನಾಗಿಯೇ ಓಡಿಸುತ್ತಿದ್ದ, ಅಷ್ಟರಲ್ಲಿ ಗೇರುಪೆಟ್ಟಿಗೆ ಕಚ್ಚಿಕೊಂಡು ಕಾರು ಹಾದಿ ಬಿಟ್ಟಿತು. ಮೈತುಂಬ ಗಾಯ. ತಿಂಗಳುಗಟ್ಟಲೆ ಮಲಗಿರಬೇಕು ಎಂದರು ವೈದ್ಯರು.

ಆರು ದಿನ ಕಳೆಯಿತು. ಅದೇ ಮೋನ್ಜಾದಲ್ಲಿ ಮೋಟಾರ್ ಸೈಕಲ್ಲಿನ ದೊಡ್ಡ ಪಂದ್ಯ. ನುವೊಲಾರಿ ವೈದ್ಯರನ್ನು ಕಾಡಿ ಬೇಡಿ, ಮೋಟಾರ್ ಸೈಕಲ್ಲಿನ ಮೇಲೆ ಬಗ್ಗಿ ಕೂತ ಭಂಗಿಯಲ್ಲೇ ಮೈಗೆ ಪಟ್ಟಿ ಸುತ್ತಿಸಿಕೊಂಡ. ನಡೆಯಲು ಬಾರದು, ನಿಲ್ಲಲು ಬಾರದು. ಮೆಕ್ಯಾನಿಕ್ಕುಗಳು ಎತ್ತಿ ಕೂರಿಸಿದರು. ಪಂದ್ಯ ಮುಗಿದ ಮೇಲೆ ಹಿಡಿದು ಇಳಿಸಬೇಕೆಂದು ಮೊದಲೇ ಮಾತಾಗಿತ್ತು. ಮಳೆ ಬೇರೆ. ಗೆದ್ದವನು ಯಾರೆಂದು ಹೇಳಬೇಕೆ?

ಇದನ್ನು ಓದಿ ಭಲೇ ಎನ್ನುವುದು ಸುಲಭ. ಮನೆಯಲ್ಲಿ ಏಳು ವರ್ಷದ ಮಗನನ್ನು ಇಟ್ಟುಕೊಂಡು ಕೂತಿದ್ದ ಕರೋಲಿನಾಳ ಕಡೆಯಿಂದ ನೋಡಿದರೆ ಭಲೇ ಎನ್ನುವ ಮಾತು ಬಾಯಿಗೆ ಬರುತ್ತದೆಯೇ? ಈ ಪ್ರಶ್ನೆಯನ್ನು ಇಲ್ಲೇ ಬಿಡುತ್ತೇನೆ. ಮುಂದೆ ಅದು ತಾನಾಗಿಯೇ ಎದುರಿಗೆ ಬರುತ್ತದೆ.

* * *

ಕಾರುಗಳ ಲೋಕದಲ್ಲಿ ನುವೊಲಾರಿಯ ಹೆಸರು ಮನೆಮಾತಾದದ್ದು 1930ರ ಮಿಲ್ಲೆ ಮಿಲಿಯಾ ಪಂದ್ಯದಿಂದ. ಮಿಲ್ಲೆ ಮಿಲಿಯಾ ಎಂದರೆ ಸಾವಿರ ಮೈಲಿ. ಬ್ರೆಷಿಯಾದಿಂದ ಹೊರಟು ರೋಮಿಗೆ ಹೋಗಿ ತಿರುಗಿ ಬ್ರೆಷಿಯಾಕ್ಕೇ ಬರಬೇಕು. ಊರು ಕೇರಿ, ಗುಡ್ಡ ಘಾಟಿ, ಸಾರ್ವಜನಿಕ ರಸ್ತೆಯೇ ಪಂದ್ಯದ ಹಾದಿ. ಆ ವರ್ಷ ಆಲ್ಫಾ ರೋಮಿಯೊ ಕಾರಿನಲ್ಲಿ ನುವೊಲಾರಿ ಗಂಟೆಗೆ 100 ಕಿಲೊಮೀಟರಿಗೂ ಮೀರಿದ ಸರಾಸರಿಯಲ್ಲಿ ಗೆದ್ದ. ಆ ಪಂದ್ಯದಲ್ಲಿ ಅಲ್ಲಿಯತನಕ ಯಾರೂ ಆ ಗೆರೆ ದಾಟಿರಲಿಲ್ಲ.

ಜನ ನೆನಪಿಟ್ಟುಕೊಂಡದ್ದು ಮಾತ್ರ ಈ ಲೆಕ್ಕವನ್ನಲ್ಲ. ಮುಂದೆ ಹೋಗುತ್ತಿದ್ದವನು ಅಕಿಲೆ ವಾರ್ಜಿ. ಒಮ್ಮೆ ಗೆಳೆಯ, ಒಂದೇ ತಂಡದಲ್ಲಿ ಬುಗಾಟಿ ಕಾರು ಓಡಿಸಿದವನು, ಈಗ ಬದ್ಧ ಎದುರಾಳಿ. ನುವೊಲಾರಿ ಹೊರಟದ್ದೇ ವಾರ್ಜಿಗಿಂತ ಹತ್ತು ನಿಮಿಷ ತಡವಾಗಿ. ಕೊನೆಯ ಹಂತದಲ್ಲಿ ಅವನ ಬೆನ್ನು ಹಿಡಿದಾಗ, ತಾನು ಬರುವುದು ತಿಳಿಯಬಾರದೆಂದು ದೀಪಗಳನ್ನು ಆರಿಸಿ, ಕತ್ತಲಲ್ಲೇ ಹತ್ತಿರ ಬಂದು, ಫಕ್ಕನೆ ದೀಪ ಹಾಕಿ ದಾಟಿಹೋದ ಎಂದು ಕಥೆ. ಆಗಲೇ ಬೆಳಗಾಗಿತ್ತು, ದೀಪದ ಮಾತೇ ಬರಲಿಲ್ಲ ಎಂದು ತಕರಾರು ಎತ್ತಿದವರೂ ಇದ್ದಾರೆ. ಇರಲಿ. ಹತ್ತು ನಿಮಿಷದ ಅಂತರವನ್ನು ಅಳಿಸಿದಾಗಲೇ ಪಂದ್ಯ ಇವನದಾಗಿತ್ತು. ದೀಪ ಆರಿಸುವ ಅಗತ್ಯವೇ ಇರಲಿಲ್ಲ. ಆದರೂ ಜನ ಆ ಕಥೆಯನ್ನು ಬಿಡಲೊಲ್ಲರು. ಇವನು ಹಾಗೆ ಮಾಡಿದ್ದರೂ ಮಾಡಿರಬಹುದು ಎಂದು ಎಲ್ಲರಿಗೂ ಅನ್ನಿಸುತ್ತಿತ್ತು, ನೋಡಿ.

ಅವನ ಓಟದ ಗುಟ್ಟೇನು? ಮುಂದೆ ಜಗತ್ತಿಗೇ ಹೆಸರಾದ ಎಂಜೊ ಫೆರಾರಿ 1931ರಲ್ಲಿ ಒಮ್ಮೆ ಅಭ್ಯಾಸದ ವೇಳೆ ಇವನ ಪಕ್ಕದಲ್ಲಿ ಕೂತು ನೋಡಿದ. ಮೊದಲ ತಿರುವು ಬಂದಾಗ ತಮ್ಮ ಕಥೆ ಮುಗಿಯಿತೆಂದೇ ತಿಳಿದ. ಬೇರೆಯವರು ತಿರುವಿನ ಮುಂಚೆ ವೇಗ ತಗ್ಗಿಸಿ, ಮೆಲ್ಲಗೆ ತಿರುಗಿಸಿ, ಆಮೇಲೆ ವೇಗ ಹೆಚ್ಚಿಸುತ್ತಾರೆ. ಇವನು ತಿರುವು ಬರುವ ಮೊದಲೇ ಕಾರಿನ ಮೂತಿಯನ್ನು ಒಳಬದಿಗೆ ತಿರುಗಿಸಿಬಿಡುತ್ತಿದ್ದ. ನಾಲ್ಕೂ ಗಾಲಿಗಳು ಒಟ್ಟಿಗೆ ಜಾರುತ್ತ, ಕಾರು ಅಡ್ಡಡ್ಡವಾಗಿ ಸರಿಯುತ್ತ ಹೊರಕ್ಕೆ ಹೋಗುವಷ್ಟರಲ್ಲಿ ಅದರ ಮೂತಿ ಮುಂದಿನ ನೇರ ರಸ್ತೆಗೆ ಸರಿಯಾಗಿ ಬಂದು ನಿಂತಿರುತ್ತಿತ್ತು. ಈ ನಡುವೆ ಅವನ ಕಾಲು ವೇಗದ ಪೆಡಲಿನಿಂದ ಮೇಲೇಳುತ್ತಲೇ ಇರಲಿಲ್ಲ. ಇದರಲ್ಲಿ ಹುಚ್ಚು ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಫೆರಾರಿ ಯೋಚಿಸಿದ. ಬರೇ ಹುಚ್ಚಾಗಿದ್ದರೆ ಮೂವತ್ತು ವರ್ಷ ಬದುಕಿ ಉಳಿಯುತ್ತಿರಲಿಲ್ಲ ಎಂದು ನಮಗೆ ತೋರುತ್ತದೆ.

* * *

1932 ಅವನ ಸುಗ್ಗಿಯ ವರ್ಷ. ಮೊನಾಕೊ, ಇಟಲಿ, ಫ್ರಾನ್ಸ್ ಎಲ್ಲ ಕಡೆ ಗೆಲುವು. ಯೂರೋಪಿನ ಚಾಂಪಿಯನ್ ಪಟ್ಟ. ಆ ಏಪ್ರಿಲಿನಲ್ಲಿ ಕವಿ ಗಾಬ್ರಿಯೇಲೆ ದನ್ನುನ್ಸಿಯೊ ಇವನನ್ನು ಗಾರ್ದಾ ಸರೋವರದ ದಡದ ತನ್ನ ಮನೆಗೆ ಕರೆಸಿಕೊಂಡು ಒಂದು ಪುಟ್ಟ ಉಡುಗೊರೆ ಕೊಟ್ಟ: ಬಂಗಾರದ ಆಮೆ. ಲೋಕದಲ್ಲೇ ಅತಿ ವೇಗದ ಮನುಷ್ಯನಿಗೆ ಲೋಕದಲ್ಲೇ ಅತಿ ನಿಧಾನದ ಪ್ರಾಣಿ ಎಂಬುದು ಕವಿಯ ಚಮತ್ಕಾರ. ನುವೊಲಾರಿಗೆ ಅದು ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಹಳದಿ ಜರ್ಸಿಯ ಎದೆಯ ಮೇಲೆ ಆಮೆ ಇಲ್ಲದೆ ಅವನು ಪಂದ್ಯಕ್ಕೆ ಇಳಿದದ್ದೇ ಅಪರೂಪ. ಮುಂದಿನ ತಿಂಗಳೇ ಸಿಸಿಲಿಯ ಬೆಟ್ಟದ ಹಾದಿಯ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ಸತತ ಎರಡನೆಯ ಬಾರಿ ಗೆದ್ದ.

1933ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯ ಓಟ. ರೇಮೊಂ ಸೊಮ್ಮೆ ಎಂಬ ಫ್ರೆಂಚನ ಜೊತೆ ಸರದಿಯ ಮೇಲೆ ಓಡಿಸಿದ. ಪೆಟ್ರೋಲ್ ಟ್ಯಾಂಕು ಸೋರತೊಡಗಿದಾಗ ಚೂಯಿಂಗ್ ಗಮ್ ಮೆತ್ತಿ ಮುಚ್ಚಿದರಂತೆ. ಒಂದು ಹಗಲು ಒಂದು ರಾತ್ರಿಯ ಓಟ ಕೊನೆಗೆ ಸುಮಾರು ನಾನೂರು ಮೀಟರಿನ ಅಂತರದಲ್ಲಿ ಇತ್ಯರ್ಥವಾಯಿತು. ಅದೇ ವರ್ಷ ಐರ್ಲೆಂಡಿನ ಉತ್ತರದಲ್ಲಿ, ಎಂದೂ ಮುಟ್ಟಿರದ ಎಂ.ಜಿ. ಎಂಬ ಬ್ರಿಟಿಷ್ ಕಾರನ್ನು ತೆಗೆದುಕೊಂಡು, ಅದರ ವಿಚಿತ್ರ ಗೇರಿನ ಪಾಠವನ್ನು ಅಲ್ಲೇ ಕಲಿತು, ಅಲ್ಲಿಯೂ ಗೆದ್ದು ಬಂದ.

ಮರುವರ್ಷ ಅಲೆಸಾಂಡ್ರಿಯಾದ ಮಳೆಯಲ್ಲಿ ಕಾರು ಮರಕ್ಕೆ ಬಡಿದು ಕಾಲು ಮುರಿಯಿತು. ಐದು ವಾರದಲ್ಲಿ ಬರ್ಲಿನ್ನಿನ ಪಂದ್ಯ. ಪೆಡಲುಗಳನ್ನೆಲ್ಲ ಒಂದೇ ಕಾಲಿಗೆ ಸಿಕ್ಕುವ ಹಾಗೆ ಮಾಡಿಸಿಕೊಂಡು, ಇನ್ನೊಂದು ಕಾಲಿಗೆ ಪ್ಲಾಸ್ಟರು ಇದ್ದ ಹಾಗೆಯೇ ಓಡಿಸಿ ಐದನೆಯವನಾಗಿ ಬಂದ.

* * *

ಈಗ ಬರುವುದು 1935ರ ಜುಲೈ 28. ಈ ಒಂದು ದಿನದ ಸಲುವಾಗಿಯೇ ನುವೊಲಾರಿಯನ್ನು ನೆನೆಯುವವರಿದ್ದಾರೆ.

ಜರ್ಮನಿಯಲ್ಲಿ ಹಿಟ್ಲರನ ಆಡಳಿತ. ಸರ್ಕಾರದ ಹಣದ ಬೆಂಬಲದಿಂದ ಮರ್ಸಿಡಿಸ್ ಬೆಂಜ್ ಮತ್ತು ಆಟೊ ಯೂನಿಯನ್ ಎರಡೂ ಕಂಪೆನಿಗಳು ರಾಕ್ಷಸ ಶಕ್ತಿಯ ಕಾರುಗಳನ್ನು ಕಟ್ಟಿದ್ದವು. ಕಾರಿನ ಓಟವೂ ಒಂದು ಜನಾಂಗದ ಮೇಲ್ಮೆ ಸಾರುವ ಡಂಗುರವಾಗಿತ್ತು. ಇಟಲಿಯಲ್ಲಿ ಮುಸೊಲಿನಿಯೂ ಏನು ಕಡಿಮೆಯಲ್ಲ. ನುವೊಲಾರಿಯ ಗೆಲುವುಗಳನ್ನು ಆತ ತನ್ನ ಖಾತೆಗೇ ಬರೆದುಕೊಳ್ಳುತ್ತಿದ್ದ. ಇಬ್ಬರು ಸರ್ವಾಧಿಕಾರಿಗಳ ನಡುವೆ ಸಿಕ್ಕ ಪಂದ್ಯ ಇದು ಎಂಬುದನ್ನು ಮರೆಯಬಾರದು.

ಐಫೆಲ್ ಬೆಟ್ಟಗಳ ನಡುವಿನ ನ್ಯೂರ್‌ಬರ್ಗ್‌ರಿಂಗ್ ಹಾದಿ ಒಂದು ಸುತ್ತಿಗೆ ಸುಮಾರು 22.8 ಕಿಲೊಮೀಟರ್. ಅಂಥ 22 ಸುತ್ತು. ಜರ್ಮನರ ಕಾರುಗಳು ಒಂಬತ್ತು. ನುವೊಲಾರಿಯ ಆಲ್ಫಾ ರೋಮಿಯೊ ಮೂರು ವರ್ಷ ಹಳೆಯ ಮಾದರಿ. ಶಕ್ತಿಯಲ್ಲಿ ಮರ್ಸಿಡಿಸ್‌ಗಿಂತ ನೂರು ಅಶ್ವಶಕ್ತಿಯಷ್ಟು ಕಡಿಮೆ. ಇವನಿಗೆ ಆಗಲೇ ನಲವತ್ತೆರಡು ವರ್ಷ.

ಒದ್ದೆ ರಸ್ತೆಯ ಮೇಲೆ ಪಂದ್ಯ ಶುರುವಾಯಿತು. ನೇರ ರಸ್ತೆಯಲ್ಲಿ ಕಳೆದುಕೊಂಡದ್ದನ್ನು ತಿರುವುಗಳಲ್ಲಿ ಗಳಿಸುತ್ತ ಹತ್ತನೆಯ ಸುತ್ತಿನ ಹೊತ್ತಿಗೆ ಇವನು ಎಲ್ಲರಿಗಿಂತ ಮುಂದೆ ಬಂದ. ಅರ್ಧ ದಾರಿಯಲ್ಲಿ ಪೆಟ್ರೋಲ್ ತುಂಬಿಸಲು ನಿಂತಾಗ ಎಡವಟ್ಟಾಯಿತು. ಇವನ ತಂಡದ ಪಂಪು ಕೈಕೊಟ್ಟಿತು. ಡಬ್ಬಗಳಿಂದ ಕೈಯಾರೆ ಸುರಿಯಬೇಕಾಯಿತು. ಮರ್ಸಿಡಿಸ್ ತಂಡ ಒಂದು ನಿಮಿಷದೊಳಗೆ ಕೆಲಸ ಮುಗಿಸಿದರೆ ಇವನಿಗೆ ಹಿಡಿದದ್ದು ಎರಡು ನಿಮಿಷ ಹದಿನಾಲ್ಕು ಸೆಕೆಂಡು. ಮತ್ತೆ ಹೊರಟಾಗ ಆರನೆಯ ಸ್ಥಾನ. ಅಲ್ಲಿಗೆ ಮುಗಿಯಿತು ಅಂತ ಜನ ಸುಮ್ಮನಾದರು.

ಆದರೆ ಕೆಲವೇ ಸುತ್ತುಗಳಲ್ಲಿ ನಾಲ್ವರನ್ನು ದಾಟಿ ಎರಡನೆಯವನಾದ. ಮುಂದೆ ಉಳಿದವನು ಮಾನ್‌ಫ್ರೆಡ್ ಫಾನ್ ಬ್ರೌಖಿಚ್ ಒಬ್ಬನೇ. ಕೊನೆಯ ಸುತ್ತು ಶುರುವಾದಾಗ ಇಬ್ಬರ ನಡುವೆ ಅರ್ಧ ನಿಮಿಷದ ಅಂತರ. ಬೆನ್ನ ಹಿಂದೆ ಈ ಮುದುಕ ಬರುತ್ತಿದ್ದಾನೆಂದು ಬ್ರೌಖಿಚ್ ಕಾರನ್ನು ಹಿಂಡಿ ಹಿಪ್ಪೆ ಮಾಡಿದ್ದ. ಟಯರುಗಳು ಸವೆದು ಒಳಗಿನ ಪದರ ಕಾಣುತ್ತಿತ್ತು. ಗೆರೆ ಇನ್ನೂ ಕೆಲವು ಕಿಲೊಮೀಟರ್ ದೂರವಿರುವಾಗ ಹಿಂದಿನ ಟಯರು ಸಿಡಿಯಿತು. ನುವೊಲಾರಿ ದಾಟಿಹೋದ. ಎರಡರಿಂದ ಐದರತನಕದ ಸ್ಥಾನಗಳೆಲ್ಲ ಜರ್ಮನ್ ಕಾರುಗಳಿಗೆ. ಮೊದಲನೆಯದು ಮಾತ್ರ ಇಟಲಿಯ ಹಳೇ ಕೆಂಪು ಕಾರಿಗೆ.

ನೆರೆದಿದ್ದ ಲಕ್ಷಾಂತರ ಜನ ಒಂದು ಕ್ಷಣ ಮೂಕರಾಗಿ, ಆಮೇಲೆ ಚಪ್ಪಾಳೆ ತಟ್ಟಿದರು. ಜರ್ಮನರೇ ಗೆಲ್ಲುವರೆಂಬ ಭರವಸೆಯಲ್ಲಿ ಅಧಿಕಾರಿಗಳು ಇಟಲಿಯ ರಾಷ್ಟ್ರಗೀತೆಯ ಗ್ರಾಮಫೋನ್ ತಟ್ಟೆಯನ್ನೇ ತಂದಿರಲಿಲ್ಲ, ನುವೊಲಾರಿಯೇ ತನ್ನ ಸಾಮಾನಿನಿಂದ ಒಂದನ್ನು ತೆಗೆದುಕೊಟ್ಟ ಎಂದು ಹೇಳುವುದುಂಟು. ಟಯರು ಸಿಡಿದದ್ದು ಅದೃಷ್ಟ ಎನ್ನುವವರಿಗೆ ಒಂದು ಮಾತು: ಆ ಟಯರನ್ನು ಸವೆಯಿಸಿದವನು ಯಾರು?

* * *

ಇಲ್ಲಿಯತನಕದ ಕಥೆ ಪೌರುಷದ್ದು. ಇಲ್ಲಿಂದ ಮುಂದಿನದನ್ನು ಬರೆಯುವಾಗ ಕೈ ತಡೆಯುತ್ತದೆ.

1936ರಲ್ಲಿ ನ್ಯೂಯಾರ್ಕಿನ ವ್ಯಾಂಡರ್‌ಬಿಲ್ಟ್ ಕಪ್ ಗೆದ್ದಿದ್ದ ನುವೊಲಾರಿ, ಮರುವರ್ಷ ಅದೇ ಪಂದ್ಯಕ್ಕೆಂದು ಹಡಗು ಹತ್ತಿದ. ಅವನು ಸಾಗರದ ನಡುವೆ ಇರುವಾಗ ಊರಿನಲ್ಲಿ ಹಿರಿಯ ಮಗ ಜಾರ್ಜೊ ಹೃದಯದ ಕಾಯಿಲೆಯಿಂದ ತೀರಿಕೊಂಡ. ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಸುದ್ದಿ ತಲುಪಿದಾಗ ಹಡಗು ನಡುನೀರಿನಲ್ಲಿ. ತಿರುಗಿ ಬರುವ ಹಾಗಿಲ್ಲ, ಮುಂದೆ ಹೋಗಿ ಮಾಡುವುದೇನೂ ಇಲ್ಲ. ಲೋಕದ ಅತಿ ವೇಗದ ಮನುಷ್ಯ ಮಗನ ಮಣ್ಣಿಗೆ ಹೊತ್ತಿಗೆ ಸರಿಯಾಗಿ ಬರಲಾರದೆ ಹೋದ.

1938ರಲ್ಲಿ ಪೌ ಎಂಬಲ್ಲಿ ಆಲ್ಫಾ ಕಾರಿಗೆ ಬೆಂಕಿ ಹತ್ತಿ ಕಾಲು ಸುಟ್ಟುಕೊಂಡಾಗ ಇನ್ನು ಸಾಕು ಎಂದು ಘೋಷಿಸಿದ. ಆದರೆ ಆಟೊ ಯೂನಿಯನ್ ತಂಡದ ಯುವಕ ಬೆರ್ನ್ಟ್ ರೋಸೆಮೇಯರ್ ಆ ವರ್ಷದ ಆರಂಭದಲ್ಲಿ ವೇಗದ ದಾಖಲೆ ಮಾಡಲು ಹೋಗಿ ಸತ್ತಿದ್ದ. ಅವನ ಜಾಗಕ್ಕೆ ಇವನನ್ನು ಕರೆದರು. ಚಾಲಕನ ಬೆನ್ನಿಗೆ ಇಂಜಿನ್ನು ಇದ್ದ ಆ ಕಾರುಗಳು ಎಂಥವರಿಗೂ ಪಳಗುತ್ತಿರಲಿಲ್ಲ. ನಲವತ್ತೈದರ ನುವೊಲಾರಿ ಕೆಲವೇ ತಿಂಗಳಲ್ಲಿ ಅದನ್ನು ಪಳಗಿಸಿಕೊಂಡು ಮೋನ್ಜಾದಲ್ಲೂ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲೂ ಗೆದ್ದ. ಯಾರ ಸೊಕ್ಕನ್ನು ಮೂರು ವರ್ಷದ ಹಿಂದೆ ಮುರಿದಿದ್ದನೋ ಅವರದೇ ಕಾರಿನಲ್ಲಿ ಎಂಬುದನ್ನೂ ಹೇಳಲೇಬೇಕು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ನು ಮತ್ತು ಫ್ರಾನ್ಸು ಜರ್ಮನಿಯ ಮೇಲೆ ಯುದ್ಧ ಸಾರಿದವು. ಅದೇ ದಿನ ಬೆಲ್‌ಗ್ರೇಡಿನಲ್ಲಿ ಬೆರಳೆಣಿಕೆಯ ಕಾರುಗಳ ಒಂದು ಪಂದ್ಯ ನಡೆಯಿತು. ಗೆದ್ದವನು ನುವೊಲಾರಿ. ಅಲ್ಲಿಗೆ ಒಂದು ಕಾಲವೇ ಮುಗಿಯಿತು.

ಯುದ್ಧ ಮುಗಿದ ಮರುವರ್ಷ, 1946ರ ಏಪ್ರಿಲಿನಲ್ಲಿ, ಕಿರಿಯ ಮಗ ಆಲ್ಬೆರ್ತೊ ಮೂತ್ರಪಿಂಡದ ರೋಗದಿಂದ ಹೋದ. ಅವನಿಗೂ ಇಪ್ಪತ್ತು ತುಂಬಿರಲಿಲ್ಲ. ದಿನವೂ ಸಾವಿನ ಎದುರಿಗೆ ಹೋಗಿ ನಿಲ್ಲುತ್ತಿದ್ದ ಅಪ್ಪನನ್ನು ಮುಟ್ಟದ ಸಾವು ಮನೆಯಲ್ಲಿ ಹಾಸಿಗೆಯ ಮೇಲಿದ್ದ ಮಕ್ಕಳಿಬ್ಬರನ್ನೂ ಕರೆದೊಯ್ದಿತ್ತು. ಗಂಡನ ಸಾವಿಗೆ ಇಪ್ಪತ್ತೈದು ವರ್ಷ ಹೆದರಿ ಕೂತಿದ್ದ ಕರೋಲಿನಾಗೆ ಬಂದದ್ದು ಬೇರೆ ಸುದ್ದಿ.

ಅದೇ ವರ್ಷ ಅವನು ತಿರುಗಿ ಪಂದ್ಯಕ್ಕೆ ಇಳಿದ. ಮೂವತ್ತು ವರ್ಷ ಇಂಜಿನ್ನಿನ ಹೊಗೆ ಕುಡಿದ ಎದೆ ಕೆಟ್ಟುಹೋಗಿತ್ತು. ಒಂದು ಕೈಯಲ್ಲಿ ಚಕ್ರ, ಇನ್ನೊಂದು ಕೈಯಲ್ಲಿ ಬಾಯಿಗೆ ಒತ್ತಿದ ಕರವಸ್ತ್ರ. ತುರಿನ್ನಿನಲ್ಲಿ ಸ್ಟೀರಿಂಗ್ ಚಕ್ರವೇ ಕಳಚಿ ಕೈಗೆ ಬಂದಾಗ, ಅದನ್ನು ಎತ್ತಿ ಜನರಿಗೆ ತೋರಿಸುತ್ತ ಕಾರು ಓಡಿಸಿಕೊಂಡು ಬಂದ. ಜನ ನಕ್ಕರು, ಕುಣಿದರು. ಅವನು ಸಾಯುವುದಕ್ಕೆಂದೇ ಓಡಿಸುತ್ತಿದ್ದಾನೆ ಎಂದು ಕೆಲವರು ಪಿಸುಗುಟ್ಟಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಸಾಯಬೇಕೆಂದಿದ್ದವನಿಗೆ ದಾರಿಗಳು ಬೇಕಾದಷ್ಟಿದ್ದವು. ಮನೆಯೊಳಗಿನ ಆ ಎರಡು ಖಾಲಿ ಕೋಣೆಗಳ ಎದುರು ಕೂರುವುದಕ್ಕಿಂತ ಕಾರಿನೊಳಗೆ ಕೂರುವುದು ಸುಲಭವಾಗಿತ್ತು, ಅಷ್ಟೇ ಇರಬೇಕು.

ಮೊದಲಿಗೆ ಹೇಳಿದ 1947ರ ಮಿಲ್ಲೆ ಮಿಲಿಯಾ ಇದಾದ ಮೇಲಿನದು. ಸಿಸಿಟಾಲಿಯಾ ಎಂಬ ಆ ಪುಟ್ಟ ಕಾರು ರೋಮಿನಲ್ಲಿ ಎಲ್ಲರಿಗಿಂತ ಮುಂದಿತ್ತು. ಆಮೇಲೆ ಮಳೆಯ ನೀರು ಇಂಜಿನ್ನಿಗೆ ಹೊಕ್ಕು ಕಾರು ನಿಂತು, ಒರೆಸಿ ಒಣಗಿಸಿ ಹೊರಡುವಷ್ಟರಲ್ಲಿ ಹೊತ್ತು ಜಾರಿತ್ತು. ಬಿಯೊಂದೆತ್ತಿಯ ದೊಡ್ಡ ಆಲ್ಫಾ ಮೊದಲು ಬಂತು, ಇವನು ಎರಡನೆಯವನು. ಮರುವರ್ಷ ಐವತ್ತೈದರಲ್ಲಿ ಫೆರಾರಿ ಕಾರಿನಲ್ಲಿ ಮತ್ತೆ ಅದೇ ಹಾದಿ. ಮಡ್‌ಗಾರ್ಡು ಹೋಯಿತು, ಬಾನೆಟ್ಟು ಹಾರಿತು, ಸೀಟು ಕಿತ್ತಿತು. ಆದರೂ ಹತ್ತಾರು ನಿಮಿಷ ಮುಂದಿದ್ದ. ಕೊನೆಗೆ ರೆಜ್ಜೊ ಎಮೀಲಿಯಾದ ಹತ್ತಿರ ಗಾಲಿಯ ಪಟ್ಟಿಯ ಆಸರೆ ಮುರಿದು ಕಾರು ನಿಂತೇಬಿಟ್ಟಿತು. ದಾರಿ ಬದಿಯ ಪಾದ್ರಿಯೊಬ್ಬರ ಮನೆಯಲ್ಲಿ ಹಾಸಿಗೆ ಕೇಳಿ ಮಲಗಿದನಂತೆ. ಆ ಎರಡೂ ಪಂದ್ಯ ಅವನು ಗೆಲ್ಲಲಿಲ್ಲ. ಆದರೆ ಇಟಲಿಯ ಮುದುಕರು ಹೇಳುತ್ತಿದ್ದ ಕಥೆಗಳಲ್ಲಿ ಗೆದ್ದವನ ಹೆಸರು ಬರುವುದು ಆಮೇಲೆ.

* * *

ಕೊನೆಯ ಪಂದ್ಯ 1950ರ ಏಪ್ರಿಲಿನಲ್ಲಿ ಪಾಲೆರ್ಮೊದ ಬಳಿಯ ಬೆಟ್ಟದ ಓಟ. ತನ್ನ ವರ್ಗದಲ್ಲಿ ಗೆದ್ದ. ಆಮೇಲೆ ಯಾವ ದಿನವೂ ಇನ್ನು ಸಾಕು ಅನ್ನಲಿಲ್ಲ. ಮೈಯೇ ಸಾಕು ಅಂದಿತು. ಪಾರ್ಶ್ವವಾಯು ಬಡಿದು ಅರ್ಧ ಮೈ ಸ್ವಾಧೀನ ತಪ್ಪಿತು. 1953ರ ಆಗಸ್ಟ್ 11ರಂದು ಮಾಂತುವಾದ ಮನೆಯಲ್ಲಿ, ತಾನು ಎಂದೂ ಎಣಿಸಿರದ ಜಾಗದಲ್ಲಿ, ಹಾಸಿಗೆಯ ಮೇಲೆ ನುವೊಲಾರಿ ತೀರಿಕೊಂಡ. ಕರೋಲಿನಾ ಪಕ್ಕದಲ್ಲಿದ್ದಳು.

ಪಂದ್ಯದ ಉಡುಪಿನಲ್ಲೇ ಅವನನ್ನು ಮಣ್ಣು ಮಾಡಿದರು. ಶವಪೆಟ್ಟಿಗೆಯನ್ನು ಕಾರಿನ ಚೌಕಟ್ಟಿನ ಮೇಲೆ ಇಟ್ಟು ನೂಕಿಕೊಂಡು ಹೋದವರಲ್ಲಿ ಅರ್ಜೆಂಟೀನಾದ ಫಾಂಜಿಯೊ ಇದ್ದ, ವಿಲ್ಲೊರೇಸಿ ಇದ್ದ, ಆಲ್ಬೆರ್ತೊ ಅಸ್ಕಾರಿ ಇದ್ದ. 1925ರಲ್ಲಿ ಯಾರ ಜಾಗಕ್ಕೆಂದು ನುವೊಲಾರಿಯನ್ನು ಕರೆದು ಪರೀಕ್ಷೆ ಮಾಡಿದ್ದರೋ ಆ ಆಂತೋನಿಯೊ ಅಸ್ಕಾರಿಯ ಮಗ ಇವನು. ಎರಡು ವರ್ಷ ಕಳೆಯುವಷ್ಟರಲ್ಲಿ ಅವನೂ ಮೋನ್ಜಾದಲ್ಲಿ ಕಾರು ಉರುಳಿ ಸತ್ತ. ಅಂದು ಮಾಂತುವಾದ ಬೀದಿಯಲ್ಲಿ ಸಾವಿರಾರು ಜನ. ಎಲ್ಲರೂ ನಡೆಯುತ್ತಿದ್ದುದು ನಿಧಾನವಾಗಿ.

ಆಮೆಯ ಉಡುಗೊರೆ ಕೊಟ್ಟ ಕವಿ ಅದನ್ನು ತಮಾಷೆಗೆಂದು ಕೊಟ್ಟಿದ್ದ. ನಮ್ಮ ಅಜ್ಜಿಯಂದಿರ ಕಥೆಯಲ್ಲಿ ಆಮೆ ಮೊಲವನ್ನು ಸೋಲಿಸುತ್ತದೆ, ಯಾಕೆಂದರೆ ಅದು ನಡುವೆ ನಿಲ್ಲುವುದಿಲ್ಲ. ನುವೊಲಾರಿಯನ್ನು ಎಲ್ಲರೂ ಮೊಲವೆಂದೇ ತಿಳಿದರು. ಎಲುಬು ಮುರಿದಾಗ, ಕಾರು ಸುಟ್ಟಾಗ, ಮಕ್ಕಳು ಹೋದಾಗ, ಎದೆ ಒಡೆದಾಗ ನಿಲ್ಲದೆ ಮುಂದಿನ ಊರಿನತನಕ ಹೋದ ಆ ಮನುಷ್ಯನ ಎದೆಯ ಮೇಲೆ ಆಮೆ ಇದ್ದದ್ದು ಸರಿಯಾಗಿಯೇ ಇತ್ತು.